ದೋಣಿಯಾಚೆಯ ಹನ್ನೆರಡನೆಯವನು

ಕೊದೆನ್ಸೊ, ೧೭೫೩ರ ಫೆಬ್ರವರಿ ೨೦

ತಮ್ಮ ವಲೆಂತಿನ್‌ಗೆ ಅಕ್ಕ ಒರ್ಸೊಲಾಳ ಆಶೀರ್ವಾದ.

ಕೇಳು! ಕೈಯಲ್ಲಿರುವ ಕುಂಚ ಕೆಳಗಿಟ್ಟು, ಕಿಟಕಿ ಮುಚ್ಚಿ, ಕಿವಿಗೊಟ್ಟು ಕೇಳು. ನಿನ್ನ ಭಾವ ಮೆನೆಗೊ ಸತ್ತು ಇಂದಿಗೆ ನೂರು ದಿನ ತುಂಬಿತು. ಅವನೂ ಅವನ ಜೊತೆಯ ತೆಪ್ಪದವ ಬಾಸ್ತಿಯಾನನೂ ಒಂದೇ ತೆಪ್ಪ ಹತ್ತಿದರು, ಮರದ ದಿಮ್ಮಿಗಳನ್ನು ಪಿಯಾವೆ ನದಿಯಲ್ಲಿ ಇಳಿಸಿಕೊಂಡು ನಿಮ್ಮ ವೆನಿಸ್‌ಗೆ ಹೋದರು. ಹಿಂತಿರುಗಿ ಬಂದವನು ಒಬ್ಬನೇ! ಸತ್ತವನ ಕೊಕ್ಕೆಗೋಲನ್ನು ಹೆಗಲ ಮೇಲಿಟ್ಟುಕೊಂಡು ಬಂದು ನನ್ನ ಹೊಸ್ತಿಲಲ್ಲಿ ನಿಂತು ಬಾಸ್ತಿಯಾನ್ ಏನೆಂದ ಗೊತ್ತೇ? "ಅತ್ತಿಗೆ, ಕಾಲುವೆಯಲ್ಲಿ ಸಿಕ್ಕಿದ. ತಲೆ ಒಡೆದಿತ್ತು. ನಾನು ದಿಮ್ಮಿ ಇಳಿಸ್ತಿದ್ದೆ, ನಂಗೇನೂ ಗೊತ್ತಿಲ್ಲ."

ಗೊತ್ತಿಲ್ಲವಂತೆ! ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೇ ಮರಳದಿಬ್ಬದ ಮೇಲೆ, ತೆಪ್ಪದ ಮುಂತುದಿಯಲ್ಲಿ ನಿಲ್ಲುವವರು ಯಾರೆಂದು ಇಬ್ಬರಿಗೂ ಜಗಳ ಹತ್ತಿತ್ತು. ಬಾಸ್ತಿಯಾನನ ಕೊಕ್ಕೆ ಮೆನೆಗೊನ ಕೆನ್ನೆಯನ್ನು ಬಾಯಿಯವರೆಗೆ ಸೀಳಿತು. ಮೆನೆಗೊ ಅವನ ಕಿರುಬೆರಳಿನ ತುದಿಯನ್ನು ಕಚ್ಚಿ ನೀರಿಗೆ ಉಗಿದ. ಆಗ ಊರಿಗೆ ಊರೇ ಕೇಳುವಂತೆ ಬಾಸ್ತಿಯಾನ್ ಕೂಗಿದ: "ಮುಂದಿನ ಸಲ ನಿನ್ನ ಮುಳುಗಿಸ್ತೀನಿ ಕಣೋ, ಗುಳ್ಳೆ ಎಣಿಸ್ತಾ ದಂಡೆ ಮೇಲೆ ಕೂತಿರ್ತೀನಿ!" ಇನ್ನೇನು ಸಾಕ್ಷಿ ಬೇಕು?

ಬೇಕಂತೆ. ತೆಪ್ಪದವರ ಸಂಘದ ಮುಖ್ಯಸ್ಥ ಬೊರ್ತೊಲೊ ಹಳೆಯ ಕಟ್ಟಳೆ ಹಿಡಿದು ಕೂತಿದ್ದಾನೆ. ತೆಪ್ಪದವನ ಮೇಲೆ ಕೊಲೆಯ ಮಾತು ಬಂದರೆ ಅವನು ಗುಡಿಯ ಪೀಠದ ಚಿತ್ರದ ಮೇಲೆ ಕೈಯಿಟ್ಟು ಆಣೆ ಮಾಡಬೇಕು. ಮಾಡಿದನೋ, ಮುಗಿಯಿತು, ಆಮೇಲೆ ಅವನನ್ನು ಯಾರೂ ಮುಟ್ಟಕೂಡದು. ನಮ್ಮ ಹಳೆಯ ಚಿತ್ರವನ್ನು ನೆರೆ ನುಂಗಿತಲ್ಲ! ಅದಕ್ಕೇ ಹೊಸದನ್ನು ಸಂಘ ನಿನ್ನಿಂದ ಬರೆಸುತ್ತಿರುವುದು. ಜೂನ್ ಇಪ್ಪತ್ತೊಂಬತ್ತು, ಸಂತ ಪೇತ್ರರ ಹಬ್ಬದ ದಿನ ಚಿತ್ರದ ಪರದೆ ಸರಿಯುತ್ತದೆ. ಆವತ್ತೇ ಬಾಸ್ತಿಯಾನ್ ಆಣೆ ಮಾಡುತ್ತಾನೆ. ಮಾಡಿ, ನನ್ನ ಮುಂದೆಯೇ ಎದೆಯುಬ್ಬಿಸಿ ನಡೆದುಹೋಗುತ್ತಾನೆ!

ಪಾದ್ರಿ ಗಾಸ್ಪರೊ ಆರಿಸಿದ ಪವಾಡ ಇದು: ಬಿರುಗಾಳಿ, ದೋಣಿ, ನೀರಿನ ಮೇಲೆ ನಡೆದು ಬರುವ ಯೇಸುಸ್ವಾಮಿ. ಸಂಘದ ಹನ್ನೊಂದು ಹಿರಿಯರಿಗೂ ಶಿಷ್ಯರ ವೇಷ ಬೇಕು. ಹನ್ನೊಂದೂ ಮುಖಗಳನ್ನು ಸೀಮೆಸುಣ್ಣದಲ್ಲಿ ಬರೆದು ಇದರ ಜೊತೆಗೆ ಇಟ್ಟಿದ್ದೇನೆ. ಅಪ್ಪ ಹಲಗೆಯ ಮೇಲೆ ಹರಕೆಯ ಚಿತ್ರ ಬರೆಯುತ್ತಾ ನಮಗಿಬ್ಬರಿಗೂ ಕಲಿಸಿದ ಗೆರೆ ನನ್ನ ಕೈಯನ್ನು ಇನ್ನೂ ಬಿಟ್ಟುಹೋಗಿಲ್ಲ. ಹನ್ನೊಂದೂ ಜನ ದೋಣಿಯ ಒಳಗೇ ಇರಬೇಕು, ನೆನಪಿಡು. "ನೀರಿಗೆ ಬಿದ್ದ ತೆಪ್ಪದವನನ್ನ ಕಂಡ್ರೆ ಮಕ್ಕಳೂ ಉಗೀತಾವೆ, ನನ್ನನ್ನ ಚುಕ್ಕಾಣಿ ಹತ್ರ ನಿಲ್ಸು" ಅಂದಿದ್ದಾನೆ ಬೊರ್ತೊಲೊ.

ಶಿಷ್ಯರು ಹನ್ನೆರಡು. ಹನ್ನೆರಡನೆಯದಕ್ಕೆ ಬಾಸ್ತಿಯಾನನ ಮುಖ ಹಾಕು. ಆ ವೇಷ ಯಾರದೆಂದು ನಾನು ಬಾಯಿಬಿಟ್ಟು ಹೇಳಬೇಕೇ? ಸ್ವಾಮಿಯನ್ನೇ ಹಿಡಿದುಕೊಟ್ಟ ಯೂದ! ಅವನ ಕೈ ಚಿತ್ರ ಮುಟ್ಟುವ ಮೊದಲು ಊರು ಅವನನ್ನು ಯೂದನಾಗಿ ನೋಡಬೇಕು.

ಈ ಕಾಗದ ತರುವವನು ಅವನೇ. ಓದು ಬಾರದ ಪಾಪಿ, ಟೋಪಿಯೊಳಗೆ ಇಟ್ಟುಕೊಂಡಿದ್ದಾನೆ.

ನಿನ್ನ ಅಕ್ಕ
ಒರ್ಸೊಲಾ

*

ವೆನಿಸ್, ಮಾರ್ಚ್ ೧೧

ಅಕ್ಕಾ,

ಬಾಸ್ತಿಯಾನ್ ಟೋಪಿ ತೆಗೆದು ನಿನ್ನ ಕಾಗದ ಕೊಟ್ಟ. ಬೆವರಿನಲ್ಲಿ ನೆಂದು ಮೆತ್ತಗಾಗಿತ್ತು. ನಾನು ಓದುತ್ತಿದ್ದರೆ ಅವನು ಎದುರಿಗೇ ಸ್ಟೂಲಿನ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದ.

"ಏನಂತಾರೋ ಅತ್ತಿಗೆ? ನನ್ನ ವಿಷ್ಯ ಏನಾದ್ರೂ ಬರ್ದಿದಾರಾ?"

"ನಿನ್ನ ವಿಷಯ ಯಾಕೆ ಬರೀತಾಳೆ?"

"ಹಾಗಲ್ವೋ. ಊರಲ್ಲಿ ಯಾರೂ ನನ್ ಜೊತೆ ಮಾತಾಡಲ್ಲ. ಹೆಂಡದಂಗಡಿಯೋನು ಲೋಟಾನೂ ಕೊಡಲ್ಲ, ಅಂಗೈಗೆ ಹುಯ್ಯಿಸ್ಕೊಂಡು ಕುಡೀಬೇಕು. ಕಾಗದದಲ್ಲಾದ್ರೂ ಮಾತಾಡಿದಾರೇನೋ ಅಂತ."

"ಆರೋಗ್ಯ ಕೇಳಿದಾಳೆ" ಎಂದು ಸುಳ್ಳು ಹೇಳಿದೆ. ಅವನ ಮುಖ ಅರಳಿದ ರೀತಿಯನ್ನು ನೀನು ನೋಡಬೇಕಿತ್ತು, ಅಕ್ಕಾ. ನಾನು ಆ ಮುಖವನ್ನೇ ಬರೆದುಕೊಂಡೆ. ಮೂರು ಹಾಳೆ ತುಂಬ.

ಒಂದು ಮಾತು ಕೇಳಲೇ? ಮೆನೆಗೊ ಕುಡಿದು ಜಾರಿರಬಹುದು. ನವೆಂಬರಿನ ಮಂಜಿನಲ್ಲಿ ಇಲ್ಲಿನ ಕಾಲುವೆಯ ಮೆಟ್ಟಿಲುಗಳು ಎಷ್ಟೋ ಜನರನ್ನು ತೆಗೆದುಕೊಂಡಿವೆ. ಸತ್ತವನನ್ನು ಸತ್ತವರ ಪಾಡಿಗೆ ಬಿಡಬಾರದೇ?

ಇನ್ನೊಂದು ಮಾತು. ಅವನು ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದನೇ? ನನಗೆ ನೀನು ಎಂದೂ ಆ ವಿಷಯ ಬರೆದವಳಲ್ಲ. ಈಗಲಾದರೂ ನಿಜ ಬರಿ.

ವಲೆಂತಿನ್

*

ಕೊದೆನ್ಸೊ, ಮಾರ್ಚ್ ೩೦

ವಲೆಂತಿನ್,

ಜಾರಿದನಂತೆ! ಇಪ್ಪತ್ತು ವರ್ಷ ತೇಲುವ ದಿಮ್ಮಿಯ ಮೇಲೆ ಕುಣಿದವನು, ಕರಗಿದ ಹಿಮದ ನೀರಿನಲ್ಲಿ ಬರಿಗಾಲಲ್ಲಿ ನಿಂತವನು, ನಿಮ್ಮ ನಾಲ್ಕು ಪಾಚಿಗಟ್ಟಿದ ಮೆಟ್ಟಿಲಿಗೆ ಸೋತನೇ? ಯಾರಿಗೆ ಹೇಳುತ್ತೀ ಈ ಕಥೆ?

ನನ್ನನ್ನು ಹೇಗೆ ನೋಡಿಕೊಳ್ಳುತ್ತಿದ್ದ ಎಂದು ಕೇಳಿದೆ. ಕೇಳಲು ನಾಲಗೆ ಹೇಗೆ ಬಂತು? ದೇವರಂಥವನು. ಒಂದು ದಿನ ಕೈಯೆತ್ತಿದವನಲ್ಲ. ಇಷ್ಟು ಸಾಕೇ?

ಇಲ್ಲಿಯ ಸಮಾಚಾರ ಕೇಳು. ಬಾಸ್ತಿಯಾನನ ನಾಯಿಯನ್ನು ಅವನದೇ ಬಾಗಿಲ ಚಿಲಕಕ್ಕೆ ನೇಣು ಹಾಕಿದ್ದಾರೆ. ಭಾನುವಾರ ಪೂಜೆ ಮುಗಿಸಿ ಬರುತ್ತಿದ್ದವನನ್ನು ಐದು ಜನ ಸುತ್ತುವರಿದು, ಹಿಮದಲ್ಲಿ ನೆನೆಸಿ ಸೆಟೆಸಿದ್ದ ಸೆಣಬಿನ ಹಗ್ಗದಿಂದ ಬಾರಿಸಿದರು. ಹೊಡೆದ ಹೊಡೆತಕ್ಕೆ ಅಂಗಿಯ ನೂಲು ಬೆನ್ನಿನ ಮಾಂಸದೊಳಗೆ ಹೊಕ್ಕಿತು. ಅವನ ತಾಯಿ ಜುವಾನಾ ಮೊಂಡುಗೋಲು ಬೀಸುತ್ತಾ ನಡುವೆ ಬಂದಳು: "ಬನ್ರೋ, ಬನ್ನಿ! ಒಬ್ಬನ ಮೇಲೆ ಐದು ಜನ! ನಿಮ್ಮಪ್ಪಂದಿರು ತೆಪ್ಪ ನಡೆಸ್ತಿದ್ರು, ನೀವು ಕುರಿ ಕಾಯೋಕೂ ಲಾಯಕ್ಕಿಲ್ಲ!" ಒಬ್ಬ ಅವಳನ್ನೂ ಕೆಸರಿಗೆ ತಳ್ಳಿದ. ನಾನು ಗುಡಿಯ ಮೆಟ್ಟಿಲ ಮೇಲೆ ನಿಂತಿದ್ದೆ. ಕೊನೆಯವರೆಗೂ ನೋಡಿದೆ. ಯಾಕೆ ತಡೆಯಲಿ?

ಇಷ್ಟಾದರೂ ಬಾಸ್ತಿಯಾನ್ ಓಡಿಹೋಗಲಿಲ್ಲ. "ಆಣೆ ಮಾಡಿ ತೋರಿಸ್ತೀನಿ. ಹಬ್ಬ ಬರ್ಲಿ" ಅನ್ನುತ್ತಾನೆ. ಊದಿದ ಮುಖ ಹೊತ್ತುಕೊಂಡೇ ಈ ಕಾಗದ ತರುತ್ತಿದ್ದಾನೆ. ಅವನ ಮೂಗು ವಕ್ರವಾಗಿದ್ದರೆ ಚಿತ್ರದಲ್ಲಿ ನೆಟ್ಟಗೆ ಮಾಡಿಕೋ, ಜನಕ್ಕೆ ಗುರುತು ಸಿಗಬೇಕು.

ನೀನು ಅವನನ್ನು ಅವನ ಜಾಗದಲ್ಲಿ ಹಾಕದೆ ಹೋದರೆ, ಮೆನೆಗೊನ ಕೊಕ್ಕೆಗೋಲು ನನ್ನ ಒಲೆಯ ಹಿಂದೆಯೇ ಒರಗಿದೆ. ನಾನೇ ಹಿಡಿಯುತ್ತೇನೆ. ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಕೈ ಇದು, ಕೊಕ್ಕೆಗೋಲು ಇದಕ್ಕೆ ಭಾರವಲ್ಲ.

ಒರ್ಸೊಲಾ

*

ವೆನಿಸ್, ಜೂನ್ ೫

ಅಕ್ಕಾ,

ಚಿತ್ರ ಮುಗಿಯಿತು. ಬಣ್ಣದ ಮೈ ಹೊರಗೆ ಬರುವ ಹಾಗೆ ಕೋಲಿಗೆ ಸುತ್ತಿದ್ದೇನೆ. ಬಿಚ್ಚುವಾಗ ಬೊರ್ತೊಲೊ "ಮೂರ್ಖ ತಲೆಕೆಳಗು ಸುತ್ತಿದ್ದಾನೆ" ಎಂದು ಕೂಗಾಡದಿರಲಿ, ಬಣ್ಣ ಒಳಗೆ ಬರುವಂತೆ ಸುತ್ತಿದರೆ ಅದು ಮುದುರಿ ಸಿಡಿಯುತ್ತದೆ. ಮೇಣದ ಬಟ್ಟೆ ಹೊದಿಸಿ, ಬಾಸ್ತಿಯಾನನ ಕೈಯಲ್ಲೇ ಎತ್ತಿನಗಾಡಿಯಲ್ಲಿ ಕಳಿಸುತ್ತಿದ್ದೇನೆ.

ಹನ್ನೊಂದು ಹಿರಿಯರೂ ದೋಣಿಯಲ್ಲಿದ್ದಾರೆ. ಬೊರ್ತೊಲೊ ಚುಕ್ಕಾಣಿಯ ಹತ್ತಿರ. ಹನ್ನೆರಡನೆಯವನು ನೀರಿನಲ್ಲಿ, ಚಿತ್ರದ ಹೃದಯದಲ್ಲಿ, ಎಲ್ಲರಿಗಿಂತ ಮುಂದೆ. ಗುಡಿಯ ಬಾಗಿಲಲ್ಲಿ ನಿಂತವರಿಗೂ ಬಾಸ್ತಿಯಾನನ ಮುಖವೇ ಮೊದಲು ಕಾಣುತ್ತದೆ. ನೀನು ಕೇಳಿದ್ದು ಅದನ್ನೇ ಅಲ್ಲವೇ?

ಆದರೆ ಒಂದು ಕೇಳಿಕೊಳ್ಳುತ್ತೇನೆ. ಮುಖ ನೋಡಿ ನಿಲ್ಲಬೇಡ. ಕೈ ನೋಡು. ಯೇಸುವಿನ ಕೈ ಅವನ ಮಣಿಕಟ್ಟನ್ನು ಹಿಡಿದಿರುವ ರೀತಿ ನೋಡು. ಆ ಅಂಗುಲದಷ್ಟು ಜಾಗಕ್ಕೆ ಹತ್ತೊಂಬತ್ತು ದಿನ ಕೂತಿದ್ದೇನೆ.

ಹೆಚ್ಚು ಬರೆಯಲಾರೆ.

ವಲೆಂತಿನ್

*

ಕೊದೆನ್ಸೊ, ಜುಲೈ ೧

ತಮ್ಮಾ,

ಮುಗಿಯಿತು. ಮೊದಲಿನಿಂದ ಹೇಳುತ್ತೇನೆ.

ಗುಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಂಟೆ ಬಾರಿಸಿತು, ಪರದೆ ಸರಿಯಿತು! ನೂರು ಗಂಟಲು ಒಟ್ಟಿಗೆ "ಆಹಾ" ಅಂದವು. ನೀನು ಮನುಷ್ಯನೋ, ದೇವದೂತನೋ? ಕಡೆದ ಕೆನೆಯಂಥ ಮೋಡ, ಗುಲಾಬಿ ಬೆಳಕು, ಅಲೆಯ ತುದಿಯ ಮೇಲೆ ನಾಟ್ಯಗಾರನ ಪಾದದಂತೆ ಸ್ವಾಮಿಯ ಪಾದ! ಹನ್ನೊಂದು ಹಿರಿಯರೂ ತಂತಮ್ಮ ಮುಖ ಹುಡುಕಿದರು. "ಲೇ, ನನ್ನ ಮೂಗು ಇಷ್ಟುದ್ದನಾ?" "ಇದಕ್ಕಿಂತ ಉದ್ದ ಕಣೋ, ಅವನು ಕರುಣೆ ತೋರ್ಸಿದಾನೆ!" ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ಕಣ್ಣುಗಳು ನೀರಿಗಿಳಿದವು. ಅಲೆಯ ನಡುವೆ ಎದೆಯವರೆಗೆ ಮುಳುಗಿ ಬಾಯಿ ತೆರೆದ ಬಾಸ್ತಿಯಾನ್. ಅವನ ಹೆಗಲ ಮೇಲೆ ಒದ್ದೆಯಾದ ಹಳದಿ ಮೇಲಂಗಿ.

ಬೊರ್ತೊಲೊನ ತಾಯಿ, ಹಲ್ಲಿಲ್ಲದ ಆ ಮುದುಕಿ, ಒಂದೇ ಮಾತಂದಳು: "ಹಳದಿ."

ಸಾಕಾಯಿತು! ನಮ್ಮ ಶುಭ ಶುಕ್ರವಾರದ ನಾಟಕದಲ್ಲಿ ಈರುಳ್ಳಿ ಸಿಪ್ಪೆಯಲ್ಲಿ ಅದ್ದಿದ ಹಳದಿ ನಿಲುವಂಗಿ ಯಾರ ಮೈಮೇಲಿರುತ್ತದೆ? ಯಾರು ಬಂದರೆ ಮಕ್ಕಳು ಕಲ್ಲು ತೂರುತ್ತಾರೆ? "ಯೂದ!" ಎಂದು ಯಾರೋ ಕೂಗಿದರು. "ಯೂದ! ಸ್ವಾಮಿ ಅವನನ್ನ ನೀರಿಗೆ ಅದುಮ್ತಿದಾನೆ, ನೋಡ್ರೋ!"

ಪಾದ್ರಿ ಗಾಸ್ಪರೊ ಎರಡೂ ಕೈ ಎತ್ತಿ ಕಿರುಚಿದರು: "ಅವನು ಪೇತ್ರ ಕಣ್ರೋ! ಅದುಮ್ತಿಲ್ಲ, ಎತ್ತುತಿದಾನೆ! ಮುಳುಗ್ತಿದ್ದ ಪೇತ್ರನ್ನ ಸ್ವಾಮಿ ಕೈಹಿಡಿದದ್ದು ಶುಭಸಂದೇಶದಲ್ಲೇ ಇದೆ!"

"ಪೇತ್ರನ್ನ ನಾವೂ ನೋಡಿದೀವಿ ಗುರುಗಳೇ" ಅಂದ ಬೊರ್ತೊಲೊ. "ಬಿಳೀ ಗಡ್ಡ ಎಲ್ಲಿ? ಸ್ವರ್ಗದ ಬೀಗದ ಕೈ ಎಲ್ಲಿ? ಹನ್ನೊಂದು ಜನ ನಾವು ದೋಣೀಲಿದೀವಿ. ನೀರಿಗೆ ಬಿದ್ದಿರೋನು ಮತ್ತ್ಯಾರು?"

ಆ ಗಳಿಗೆಯಲ್ಲಿ ಬಾಸ್ತಿಯಾನ್ ಮುಂದೆ ಬಂದ. ಹಬ್ಬದ ಅಂಗಿ ತೊಟ್ಟಿದ್ದ, ತಲೆ ಬಾಚಿದ್ದ. ನಗುತ್ತಿದ್ದ, ವಲೆಂತಿನ್! ಮದುವೆಯ ಗಂಡಿನ ಹಾಗೆ ನಗುತ್ತಿದ್ದ. "ದಾರಿ ಬಿಡ್ರಪ್ಪ, ಆಣೆ ಮಾಡ್ತೀನಿ. ಅದು ನಾನೇ, ಪೇತ್ರ! ವಲೆಂತಿನ್ನೇ ಹೇಳಿದಾನೆ" ಎಂದು ಬಲಗೈ ಚಾಚಿದ.

ಆ ಕೈ ಚಿತ್ರ ಮುಟ್ಟಲಿಲ್ಲ. ಬೊರ್ತೊಲೊ ಹಿತ್ತಾಳೆಯ ದೀಪಸ್ತಂಭ ಎತ್ತಿ ಮೊಣಕೈ ಮೇಲೆ ಇಳಿಸಿದ. ಒಣಕೊಂಬೆ ಮುರಿದ ಸದ್ದು. ಆಮೇಲೆ ಯಾರು ಹೊಡೆದರು, ಯಾರು ಬಿಟ್ಟರು ಎಂದು ಹೇಳಲಾರೆ. ಕಾಲು ಹಿಡಿದು ಎಳೆದರು. ಗುಡಿಯ ಹದಿನಾಲ್ಕು ಮೆಟ್ಟಿಲಿಗೂ ಅವನ ತಲೆ ಬಡಿಯಿತು, ಹದಿನಾಲ್ಕು ಸಲವೂ ನನಗೆ ಕೇಳಿಸಿತು. ಅಡ್ಡ ಬಂದ ಪಾದ್ರಿಯ ಹಲ್ಲು ಎರಡು ಹೋದವು. ನದಿಗೆ ಎಸೆದರು. ಎದ್ದ. ಕೊಕ್ಕೆಗೋಲುಗಳಿಂದ ಅದುಮಿದರು. ಮತ್ತೆ ಎದ್ದ. ಮೂಳೆ ಚರ್ಮ ಹರಿದು ಹೊರಗೆ ಬಂದಿದ್ದ ಆ ಕೈಯಲ್ಲೇ ದಂಡೆಯ ಬೇರು ಹಿಡಿದ. ಮತ್ತೆ ಅದುಮಿದರು.

ಮೂರನೆಯ ಸಲ ಎದ್ದದ್ದು ನಾನು ನಿಂತಿದ್ದ ಕಡೆ. ಒಲೆಯ ಹಿಂದಿನಿಂದ ತಂದಿದ್ದ ಮೆನೆಗೊನ ಕೊಕ್ಕೆಗೋಲು ನನ್ನ ಕೈಯಲ್ಲಿತ್ತು. "ಅತ್ತಿಗೆ" ಅಂದ. ಕೋಲನ್ನು ಅವನ ಕುತ್ತಿಗೆಯ ಕೆಳಗಿನ ಗುಳಿಗೆ ಊರಿ ನನ್ನ ಪೂರ್ತಿ ಭಾರ ಬಿಟ್ಟೆ.

ಎರಡು ದಿನದಿಂದ ಊರೆಲ್ಲ ನನ್ನನ್ನು ಹೊಗಳುತ್ತಿದೆ. ಆದರೆ ಹೇಳು, ಅವನು ನಕ್ಕದ್ದು ಯಾಕೆ? ನೀನೇ ಹೇಳಿದೆಯೆಂದನಲ್ಲ, ಪೇತ್ರ ಎಂದು? ಸಾಯುವವನ ಸುಳ್ಳು ತಾನೇ? ಸುಳ್ಳೆಂದು ಒಂದು ಸಾಲು ಬರಿ. ಬೇಗ ಬರಿ.

ಒರ್ಸೊಲಾ

*

ವೆನಿಸ್, ಜುಲೈ ೧೫

ಅಕ್ಕಾ,

ಅವನು ಸುಳ್ಳು ಹೇಳಲಿಲ್ಲ. ಚಿತ್ರದಲ್ಲಿ ಬಾಸ್ತಿಯಾನ್ ಪೇತ್ರನೇ.

ಇಲ್ಲಿ ಯಾವ ಚಿತ್ರಶಾಲೆಗೆ ಹೋದರೂ ಒಂದೇ ಪಾಠ: ಒಳಗೆ ನೀಲಿ, ಮೇಲೆ ಹಳದಿ, ಅಂದರೆ ಪೇತ್ರ. ಇಪ್ಪತ್ತೆರಡು ವರ್ಷದಿಂದ ನನ್ನ ಕೈ ಯೋಚಿಸದೆ ಆ ಬಣ್ಣ ಹಾಕುತ್ತದೆ. ಅಪ್ಪ ಕ್ರೂರ ದೊರೆ ಹೆರೋದನ ವೇಷ ಕಟ್ಟಿ ಗರ್ಜಿಸುತ್ತಿದ್ದ ನಾಟಕ, ಯೂದನ ಮೇಲೆ ನಾನೇ ಎಸೆದ ಕಲ್ಲುಗಳು, ಎಲ್ಲ ಮರೆತಿದ್ದೆ. ತೆಪ್ಪದವರಿಗೆ ನೀರಿಗೆ ಬೀಳುವುದೇ ಶಾಪ ಎಂಬುದನ್ನೂ ಮರೆತೆ. ನಗರದ ಕಣ್ಣಿಗೆ ಆ ಹಿಡಿತ ಕರುಣೆ. ನೀವು ಕೆಳಗೆ ನಿಂತು ಮೇಲೆ ನೋಡಿದಿರಿ, ಅದು ಅದುಮುವ ಕೈಯಾಗಿ ಕಂಡಿತು. ಮೊದಲೇ ಬಿಡಿಸಿ ಬರೆದಿದ್ದರೆ ನೀನು ಪರದೆ ಸರಿಯುವ ಮುಂಚೆಯೇ ಚಿತ್ರಕ್ಕೆ ಕತ್ತರಿ ಹಾಕುತ್ತೀಯೆಂದು ಹೆದರಿದೆ. ಪೇತ್ರನಾಗಿ ಅವನನ್ನು ನೋಡಿದರೆ ಊರು ಅವನ ಆಣೆ ನಂಬುತ್ತದೆ, ಅವನು ಬದುಕುತ್ತಾನೆ ಎಂದುಕೊಂಡೆ.

ಯಾಕೆ ಬದುಕಿಸಬೇಕಿತ್ತು ಗೊತ್ತೇ? ಅವನು ಕೊಲ್ಲಲಿಲ್ಲವೆಂದು ನನಗೆ ಗೊತ್ತಿತ್ತು.

ನವೆಂಬರ್ ಹನ್ನೊಂದು, ಸಂಜೆ ನಾಲ್ಕು ಗಂಟೆ, ದಟ್ಟ ಮಂಜು. ಮೆನೆಗೊ ನೀನು ಕಳಿಸಿದ ಹೊಗೆ ಹಾಕಿದ ಗಿಣ್ಣು ಹಿಡಿದು ನನ್ನ ಚಿತ್ರಶಾಲೆಗೆ ಬಂದ. ಕುಡಿದಿದ್ದ. ಕೆನ್ನೆಯ ಗಾಯ ಇನ್ನೂ ಹಸಿಯಾಗಿತ್ತು. ನಿನ್ನ ಕ್ಷೇಮ ಕೇಳಿದೆ. ಗಿಣ್ಣಿನ ಚೂರು ಬಾಯಿಗೆ ಹಾಕಿಕೊಂಡು ಅಂದ: "ನಿಮ್ಮಕ್ಕಾನಾ? ಬಾಯಿ ಜಾಸ್ತಿ. ಒಂದು ಪಕ್ಕೆಲುಬು ಮುರಿದೆ, ಸುಮ್ನಾಗ್ಲಿಲ್ಲ. ಎರಡನೇದು ಮುರಿದೆ ನೋಡು, ಈಗ ಕುರೀಮರಿ." ಹೇಳಿ ನಕ್ಕ. ನಾನೂ ನಗಬೇಕೆಂದು ನನ್ನ ತೊಡೆ ತಟ್ಟಿದ.

ನಾನು ನೀಲಿ ಅರೆಯುತ್ತಿದ್ದೆ. ಅರೆಯುವ ಗುಂಡುಕಲ್ಲು ಕೈಯಲ್ಲೇ ಇತ್ತು. ಮೊದಲ ಏಟು ಕಿವಿಯ ಹಿಂದೆ. ಅವನು ಕೂತಲ್ಲೇ ನನ್ನನ್ನು ನೋಡಿ "ಏನೋ ಇದು" ಅಂದ, ಹೆಸರು ಮರೆತವನ ಹಾಗೆ. ಎರಡನೆಯ ಏಟಿಗೆ ತಲೆಬುರುಡೆ ಒಳಗೆ ಕುಸಿಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಲೆಕ್ಕ ತಪ್ಪುವವರೆಗೆ ಹೊಡೆದೆ. ರಕ್ತ ಮತ್ತು ನೀಲಿ ಸೇರಿ ಕಲ್ಲಿನ ಮೇಲೆ ಒಂದು ನೇರಳೆ ಆಯಿತು, ಅದನ್ನು ನಾನು ಇನ್ಯಾವ ಬಣ್ಣದಿಂದಲೂ ಮಾಡಲಾರೆ. ಹಿಂಬಾಗಿಲ ಮೆಟ್ಟಿಲಿಂದ ಕಾಲುವೆಗೆ ಉರುಳಿಸಿದೆ.

ಮಾರನೆಯ ದಿನ ಬಾಸ್ತಿಯಾನ್ ಬಂದು "ಮೆನೆಗೊನ ಕಂಡ್ಯೇನೋ?" ಎಂದು ಕೇಳಿದ. "ಇಲ್ಲ" ಅಂದೆ. ಆ ಒಂದು "ಇಲ್ಲ" ಅವನನ್ನು ಕೊಂದಿತು. ನನ್ನನ್ನು ಗಲ್ಲಿಗೇರಿಸುತ್ತಾರೆಂಬ ಭಯಕ್ಕೆ, ನಿನ್ನ ಕಾಗದ ಹೊತ್ತು ನಾಲ್ಕು ತಿಂಗಳು ಬಂದು ಹೋಗುತ್ತಿದ್ದವನಿಗೆ ಹೆಂಡ ಹುಯ್ಯುತ್ತಾ, ಮುಖ ಬರೆಯುತ್ತಾ, ಸುಮ್ಮನಿದ್ದೆ.

ವಲೆಂತಿನ್

*

ಕೊದೆನ್ಸೊ, ಆಗಸ್ಟ್ ೪

ವಲೆಂತಿನ್,

ನಿನ್ನ ಕಾಗದವನ್ನು ಮೂರು ಸಲ ಒಲೆಯ ಬಾಯಿಗೆ ಹಿಡಿದೆ, ಮೂರು ಸಲ ಎಳೆದುಕೊಂಡೆ.

ಹೌದು. ಮುರಿದ. ಪಕ್ಕೆಲುಬು ಎರಡಲ್ಲ, ಮೂರು. ಒಂದು ಬಸಿರೂ ಹೋಯಿತು, ಅದನ್ನು ಅವನು ನಿನಗೆ ಹೇಳಲಿಲ್ಲವೇ? ನಾನು ಬರೆಯಲಿಲ್ಲ. ಬರೆದರೆ ನೀನು ಕೈಕಟ್ಟಿ ಕೂರುವವನಲ್ಲ ಎಂದು ಹೆದರಿ ಮುಚ್ಚಿಟ್ಟೆ. ನೋಡು, ಮುಚ್ಚಿಟ್ಟದ್ದರಿಂದ ಏನು ಕಟ್ಟಿಕೊಂಡೆ ಎಂದು!

ಇನ್ನೂ ಕೇಳು. ಅವನು ಸಾಯಲಿ ಎಂದು ಎರಡು ವರ್ಷ ದಿನವೂ ಬೇಡಿಕೊಂಡವಳು ನಾನು. ಸತ್ತ ಸುದ್ದಿ ಬಂದ ದಿನ ನನ್ನ ಎದೆ ಹಗುರಾಯಿತು. ಆ ಹಗುರಕ್ಕೇ ನಡುಗಿಹೋದೆ. ಈ ಸಾವು ನನ್ನ ಬೇಡಿಕೆಯಿಂದ ಆದದ್ದಲ್ಲ, ಬೇರೆ ಯಾರದೋ ಕೈಯಿಂದ ಆದದ್ದು ಎಂದು ಊರೆಲ್ಲ ಹೇಳಬೇಕಿತ್ತು ನನಗೆ. ಬಾಸ್ತಿಯಾನ್ ಹತ್ತಿರದಲ್ಲಿದ್ದ.

ಅವನ ತಾಯಿ ಜುವಾನಾ ದಿನವೂ ಗುಡಿಯ ಮೆಟ್ಟಿಲ ಮೇಲೆ ಕೂರುತ್ತಾಳೆ. ಒಳಗೆ ಹೋಗುವ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುತ್ತಾಳೆ: "ಬಾರಪ್ಪ ಬೊರ್ತೊಲೊ, ಊಟ ಆಯ್ತಾ? ನನ್ನ ಮಗನ್ನ ತಿಂದು ಅರಗ್ತಾ?" ಯೂದನ ತಾಯಿಗೆ ಸ್ಮಶಾನದಲ್ಲಿ ಜಾಗವಿಲ್ಲವೆಂದು ಈಗಲೇ ತೀರ್ಮಾನವಾಗಿದೆ. ಮಗನನ್ನು ಕತ್ತೆಗಳನ್ನು ಹೂಳುವ ಹಳ್ಳದಲ್ಲಿ ಹಾಕಿದ್ದಾರೆ.

ನೀನು ಬಾ. ಬಂದು ಆ ಪೀಠದ ಮುಂದೆ ನಿಂತು ಹೇಳು. ಬಾಸ್ತಿಯಾನನನ್ನು ಹಳ್ಳದಿಂದ ತೆಗೆದು ಗುಡಿಯ ಮಣ್ಣಿಗೆ ಹಾಕಿಸು. ಅವನಿಗೆ ನಾವಿಬ್ಬರೂ ಕೊಡಬಹುದಾದದ್ದು ಅದೊಂದೇ. ಬಾರದೆ ಹೋದರೆ ನೀನು ಹೇಡಿ. ನನ್ನ ಬಾಯಿಂದ ಹೇಳುತ್ತೇನೆ, ಕೇಳು: ಹೇಡಿ, ಹೇಡಿ, ಹೇಡಿ!

ಒರ್ಸೊಲಾ

*

ವೆನಿಸ್, ಸೆಪ್ಟೆಂಬರ್ ೯

ಅಕ್ಕಾ,

ಒಂದು ತಿಂಗಳು ಬಾಗಿಲು ಹಾಕಿಕೊಂಡು ಕೂತಿದ್ದೆ. ನಿನ್ನ ಕಾಗದವನ್ನು ದಿನವೂ ಓದಿದೆ.

ನಾಳೆ ಬೆಳಿಗ್ಗೆ ಹೊರಡುತ್ತೇನೆ. ಪಿಯಾವೆಯ ದಂಡೆ ಹಿಡಿದು ನಡೆದರೆ ಐದು ದಿನ. ಈ ಕಾಗದವನ್ನು ಉಪ್ಪು ಸಾಗಿಸುವ ಹೇಸರಗತ್ತೆಯವನಿಗೆ ಕೊಟ್ಟಿದ್ದೇನೆ, ನನಗಿಂತ ಒಂದು ದಿನ ಮುಂಚೆ ಊರು ಮುಟ್ಟುತ್ತದೆ. ಬೊರ್ತೊಲೊಗೆ ಹೇಳು, ಸಂಘದವರನ್ನೆಲ್ಲ ಸೇತುವೆಯ ಹತ್ತಿರವೇ ಸೇರಿಸಲಿ. ಗುಡಿಯವರೆಗೆ ಹೋದರೆ ನನ್ನ ಧೈರ್ಯ ಕರಗಬಹುದು, ಊರೊಳಗೆ ಕಾಲಿಡುವ ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಅವರು ನನ್ನನ್ನು ನ್ಯಾಯಾಧೀಶನಿಗೆ ಒಪ್ಪಿಸಲಿ.

ಜುವಾನಮ್ಮನಿಗೂ ಹೇಳು. ಅವಳು ಎಲ್ಲರಿಗಿಂತ ಮುಂದೆ ನಿಲ್ಲಲಿ.

ಹೆದರಿಕೆಯಾಗುತ್ತಿದೆ. ಆದರೂ ಬರುತ್ತಿದ್ದೇನೆ.

ನಿನ್ನ ತಮ್ಮ

*

ಕೊದೆನ್ಸೊ, ಸೆಪ್ಟೆಂಬರ್ ೧೧

ತಮ್ಮಾ, ನನ್ನ ಕಂದಾ,

ಅಕ್ಷರ ವಕ್ರವಾಗಿದೆಯೆಂದು ಗಾಬರಿಯಾಗಬೇಡ, ಎಡಗೈಯಲ್ಲಿ ಬರೆಯುತ್ತಿದ್ದೇನೆ.

ನಿನ್ನ ಉತ್ತರಕ್ಕೆ ಮೂವತ್ತೈದು ದಿನ ಕಾದೆ. ಬರಲಿಲ್ಲ. ಮೊನ್ನೆ ಎಂಟರಂದು ದೇವಮಾತೆಯ ಹುಟ್ಟುಹಬ್ಬ. ಗು‌ಡಿ ತುಂಬಿತ್ತು. ತಡೆಯಲಾರದೆ ನಾನೇ ಎದ್ದು ನಿಂತೆ. ಚಿತ್ರದ ಮೇಲೆ ಕೈಯಿಟ್ಟು, ಅಪ್ಪನ ಗಂಟಲಿನಲ್ಲಿ, ಗೋಡೆ ಅದುರುವ ಹಾಗೆ ಹೇಳಿದೆ: "ಬಾಸ್ತಿಯಾನ್ ನಿರ್ದೋಷಿ! ಮೆನೆಗೊನನ್ನು ಕೊಂದದ್ದು ನನ್ನ ತಮ್ಮ. ಬಾಸ್ತಿಯಾನನನ್ನು ಕೊಂದದ್ದು ನಾವು!"

ಅಳುತ್ತಾರೆ ಎಂದುಕೊಂಡಿದ್ದೆ. ಮೊಣಕಾಲೂರುತ್ತಾರೆ ಎಂದುಕೊಂಡಿದ್ದೆ. ಬೊರ್ತೊಲೊ ನಿಧಾನವಾಗಿ ಎದ್ದು ಬಂದು ನನ್ನ ಮುಖಕ್ಕೆ ಮುಖ ತಂದು ಕೇಳಿದ: "ಅವನು ಯೂದ ಅಲ್ಲ ಅಂದ್ರೆ, ನಾವು ಯಾರಮ್ಮ?"

ನಾನು ಉತ್ತರ ಕೊಡುವ ಮೊದಲೇ ಹೊಡೆತ ಬಿತ್ತು. ಚಿತ್ರದ ಮೇಲಿದ್ದ ಬಲಗೈಯನ್ನು ಪೀಠದ ಅಂಚಿಗಿಟ್ಟು ಕೊಡಲಿಯ ಹಿಂಬದಿಯಿಂದ ಜಜ್ಜಿದರು. ಹೆಂಗಸರೂ ಹೊಡೆದರು, ವಲೆಂತಿನ್. ಜೂನ್‌ನಲ್ಲಿ ನನ್ನ ಹಣೆಗೆ ಮುತ್ತಿಟ್ಟವರೇ ಕೂದಲು ಹಿಡಿದೆಳೆದರು. ಪಾದ್ರಿ ಗಾಸ್ಪರೊ ಮಂಡಿಯೂರಿ ಕಣ್ಣು ಮುಚ್ಚಿಕೊಂಡಿದ್ದರು.

ಮೆಟ್ಟಿಲ ಕೆಳಗೆ ಬಿದ್ದವಳನ್ನು ಎತ್ತಿಕೊಂಡು ಹೋದದ್ದು ಯಾರು ಬಲ್ಲೆಯಾ? ಜುವಾನಾ. ಅವಳ ಮನೆಯಲ್ಲೇ, ಬಾಸ್ತಿಯಾನನ ಹಾಸಿಗೆಯ ಮೇಲೇ ಮಲಗಿದ್ದೇನೆ. ಮೆಕ್ಕೆಜೋಳದ ಮುದ್ದೆಯನ್ನು ನೀರು ಮಾಡಿ ಬಾಯಿಗೆ ಹಾಕುತ್ತಾಳೆ. ಕಾಲು ಹಿಡಿಯಹೋದೆ, ಕೊಸರಿಕೊಂಡಳು. "ಕ್ಷಮಿಸಿದೀನಿ ಅಂದ್ಕೋಬೇಡ ಕಣೇ. ನನ್ನ ಮಗ ತಪ್ಪು ಮಾಡಿಲ್ಲ ಅಂತ ಹೇಳೋಕೆ ಈ ಊರಲ್ಲಿ ಇನ್ನೊಂದು ಬಾಯಿ ಇಲ್ಲ. ಆ ಬಾಯಿಗೋಸ್ಕರ ನಿನ್ನ ಬದುಕಿಸ್ತಿದೀನಿ" ಅಂದಳು.

ಈಗ ಮುಖ್ಯವಾದದ್ದು. ಬೊರ್ತೊಲೊ ಸೇತುವೆಯ ಮೇಲೆ ಹಗಲೂ ರಾತ್ರಿ ಕಾವಲು ಹಾಕಿದ್ದಾನೆ. ವೆನಿಸ್ ಕಡೆಯಿಂದ ಬರುವ ಕಾಗದಗಳನ್ನೆಲ್ಲ ಅವನೇ ಒಡೆದು, ಸಂಘದ ಲೆಕ್ಕ ಬರೆಯುವವನಿಂದ ಓದಿಸಿ ನೋಡುತ್ತಾನೆ. ನೀನು ಬಾಯಿ ತೆರೆಯುವ ಮೊದಲೇ ಮುಗಿಸಬೇಕೆಂದು ಹನ್ನೊಂದು ಜನರೂ ಆ ಚಿತ್ರದ ಮುಂದೆಯೇ ಆಣೆ ಮಾಡಿದ್ದಾರೆ. ನ್ಯಾಯಾಧೀಶರ ಹೆಸರೂ ಅಲ್ಲಿ ಏಳುವುದಿಲ್ಲ. ಈ ಕಾಗದವನ್ನು ಜುವಾನಾ ಗಿಣ್ಣು ಮಾರುವವಳ ಬುಟ್ಟಿಯ ತಳದಲ್ಲಿಟ್ಟು ತೆಪ್ಪದಲ್ಲಿ ಕಳಿಸುತ್ತಾಳೆ. ಮೂರನೆಯ ದಿನ ನಿನ್ನ ಕೈ ಸೇರುತ್ತದೆ.

ಬರಬೇಡ. ನಾನು ಬಾ ಎಂದು ಕರೆದದ್ದು, ಸವಾಲು ಹಾಕಿದ್ದು, ಎಲ್ಲ ನೀರಿಗೆ ಹೋಗಲಿ. ನೀನು ಹೆದರಿ, ಬಾಗಿಲು ಹಾಕಿಕೊಂಡು, ಉತ್ತರವನ್ನೂ ಬರೆಯದೆ ಕೂತಿದ್ದೀಯಲ್ಲ, ಅದನ್ನು ನೆನೆಸಿಕೊಂಡೇ ಈ ಮೂರು ದಿನ ಉಸಿರು ಹಿಡಿದುಕೊಂಡಿದ್ದೇನೆ. ನನ್ನ ತಮ್ಮ ಹೇಡಿ, ಅವನು ಬರುವುದಿಲ್ಲ ಎಂದು ಜುವಾನಾಳಿಗೂ ಹೇಳಿದ್ದೇನೆ. ನೀನು ಹೇಡಿಯಾಗಿ ಹುಟ್ಟಿದ್ದಕ್ಕೆ, ಮುರಿದ ಕೈಯನ್ನೂ ಜೋಡಿಸಿ ದೇವರಿಗೆ ಮುಗಿಯುತ್ತೇನೆ.

ಅಲ್ಲೇ ಇರು.

ಅಕ್ಕ